ಅಕ್ಕನ ಹಂಚಿನ ಮುಂದೆ

ನಮ್ಮ ಮನೆಗೆ ದಿನಕ್ಕೆ ಮೂವತ್ತರ ಮೇಲೆ ರೊಟ್ಟಿ ಬೇಕಾಗುತ್ತಿದ್ದವು. ಅಪ್ಪ, ಅವ್ವ, ಕಾಕಾ, ಆಯಿ ಅಂದರೆ ಅಜ್ಜಿ, ಅಕ್ಕ, ನಾನು. ಕಳೆ ತೆಗೆಯುವ ದಿನ, ರಾಶಿಯ ದಿನ ಆಳುಗಳ ಬುತ್ತಿ ಬೇರೆ. ಇಷ್ಟನ್ನೂ ಬಡಿಯುತ್ತಿದ್ದವಳು ಅಕ್ಕ. 1993ರ ಬೇಸಿಗೆಯಲ್ಲಿ ಆಕೆಯ ಮದುವೆಯಾಯಿತು. ಆಕೆಯನ್ನು ಗಂಡನ ಮನೆಗೆ ಕಳಿಸಿ ಬಂದ ಮೇಲೆ ಒಲೆ ಮುಂದೆ ಕೂರುವವರು ಯಾರು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಅವ್ವ ಹೋಗಿ ಕೂತಳು. ಆದರೆ ಅವ್ವನಿಗೆ ಹೊಲ ಇತ್ತು, ಎರಡು ಎಮ್ಮೆ ಇದ್ದವು. ಆಯಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ, ನಮ್ಮದು ನೆಲದ ಒಲೆ. ಉಳಿದವನು ನಾನು. ಹತ್ತು ವರ್ಷ, ಐದನೇ ಇಯತ್ತೆ.

ಊರು ಡೋಣಿ ನದಿಯ ಸೀಮೆಯದು. ಆಗ ವಿಜಾಪುರ ಜಿಲ್ಲೆ ಅನ್ನುತ್ತಿದ್ದರು, 2014ರಿಂದ ವಿಜಯಪುರ. ಕಪ್ಪು ಎರಿ ಭೂಮಿ, ಹಿಂಗಾರಿ ಬಿಳಿಜೋಳ. ಅನ್ನ ಎಂದರೆ ರಾತ್ರಿ ಕೊನೆಗೆ ಒಂದು ತುತ್ತು, ಇಲ್ಲವೇ ಬೀಗರು ಬಂದ ದಿನ. ಹೀಗಾಗಿ ಅಡಿಗೆ ಬರುತ್ತದೆ ಎಂದರೆ ರೊಟ್ಟಿ ಬರುತ್ತದೆ ಎಂದೇ ಅರ್ಥ. ಪಲ್ಯ, ಬೇಳೆ, ಹಿಂಡಿ ಅಂದರೆ ಚಟ್ನಿಪುಡಿ, ಎಲ್ಲ ಅದರ ಹಿಂದೆ ಬರುವಂಥವು.

ಯಾರೂ ನನಗೆ ಅಡಿಗೆ ಕಲಿಸಲು ಕೂರಲಿಲ್ಲ. ಕೆಲಸ ಹಚ್ಚಿದರು, ಅಷ್ಟೇ. ಈಗ ನಗರದಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರದಲ್ಲಿ ಬೆಂಕಿಯಿಲ್ಲದ ಅಡಿಗೆ ಎಂದು ಬ್ರೆಡ್ಡಿನ ಮೇಲೆ ಸೌತೆಕಾಯಿ ಜೋಡಿಸುವುದನ್ನು ಹೇಳಿಕೊಡುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ತಾನು ಮಾಡಿದ್ದನ್ನು ಹಸಿದವರೊಬ್ಬರು ನಿಜವಾಗಿ ಉಣ್ಣುತ್ತಾರೆ ಎನ್ನುವುದು ಗೊತ್ತಿಲ್ಲದೆ ಯಾವ ಮಗುವೂ ಒಲೆಯ ಮೇಲೆ ಲಕ್ಷ್ಯ ಇಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಬೇಳೆ ಕೆಡಿಸಿದರೆ ಅಪ್ಪ ಬರೀ ಹಿಂಡಿಯಲ್ಲಿ ಉಣ್ಣಬೇಕಿತ್ತು.

ಮೊದಲು ಸಿಕ್ಕಿದ್ದು ಪಡಸಾಲೆಯ ಕೆಲಸ, ಜೋಳ ಹಸನು ಮಾಡುವುದು. ಆಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತು ಮೊರದಲ್ಲಿ ಕೇರುತ್ತಿದ್ದಳು. ನಾನು ಹರಳು, ಕಾಡಿಗೆ ರೋಗ ಹತ್ತಿ ಕಪ್ಪಾದ ಕಾಳು ಆರಿಸುತ್ತಿದ್ದೆ. ಆ ವರ್ಷ ಮದುವೆಗೆಂದು ಹಗೇವು ತೆಗೆದಿದ್ದರು. ನೆಲದಲ್ಲಿ ಆಳಕ್ಕೆ ತೋಡಿ, ಒಳಗೆ ಸುತ್ತಲೂ ಹುಲ್ಲು ಕಣಿಕೆ ಕಟ್ಟಿ, ಜೋಳ ಸುರಿದು, ಬಾಯಿಗೆ ಕಲ್ಲು ಮಣ್ಣು ಮುಚ್ಚಿ ಇಡುವ ಕಣಜ ಅದು. ಒಳಗೆ ಉಸಿರಾಡಲು ಗಾಳಿಯೇ ಉಳಿಯುವುದಿಲ್ಲವಾದ್ದರಿಂದ ಹುಳ ಬೀಳುವುದಿಲ್ಲ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಕಾರಣಕ್ಕೆ ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಸುವುದಿಲ್ಲ. ಬಹಳ ಹೊತ್ತು ತೆರೆದು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಾನೆ. ಬರಗಾಲ ಕಂಡವರು ಹಗೇವಿನ ಜೋಳವನ್ನು ಬಂಗಾರಕ್ಕಿಂತ ಹೆಚ್ಚು ಜೋಪಾನ ಮಾಡುತ್ತಿದ್ದರು. ಆಯಿ 1972ರ ಬರದ ಮಾತು ತೆಗೆದರೆ ಮುಗಿಸುತ್ತಿರಲಿಲ್ಲ. ಆದರೆ ಆ ಜೋಳಕ್ಕೆ ಒಂದು ಮುಗ್ಗು ವಾಸನೆ ಇರುತ್ತದೆ, ಹಳತಾದಷ್ಟೂ ಅದರ ಜಿಗಿ ಹೋಗುತ್ತದೆ. ಮದುವೆ ಮುಗಿದು ಉಳಿದ ಹಗೇವಿನ ಜೋಳ ಖರ್ಚಾಗುವ ತನಕ ಹೊಸ ಚೀಲಕ್ಕೆ ಕೈ ಹಚ್ಚಬಾರದು ಎಂದು ಅಪ್ಪ ಹೇಳಿದ್ದ. ಅಂದರೆ ನಾನು ರೊಟ್ಟಿ ಕಲಿಯಬೇಕಾಗಿದ್ದು ಊರಿನಲ್ಲೇ ಕೆಟ್ಟ ಹಿಟ್ಟಿನಲ್ಲಿ.

ಎರಡನೆಯ ಕೆಲಸ ಗಿರಣಿ. ಜೋಳದ ಹಿಟ್ಟು ಬಹಳ ದಿನ ಇಟ್ಟರೆ ಕಹಿಯಾಗುತ್ತದೆ, ಕಾಳಿನ ಮೊಳಕೆಯಲ್ಲಿರುವ ಎಣ್ಣೆ ಕೆಡುತ್ತದೆ. ಹೀಗಾಗಿ ವಾರಕ್ಕೆ ಬೇಕಾದಷ್ಟೇ ಬೀಸಿಸಿಕೊಂಡು ಬರುವುದು. ಗಿರಣಿಯ ಪಾಳಿಯಲ್ಲಿ ನನ್ನ ಮುಂದಿನವರು ಏನು ಬೀಸಿಸುತ್ತಾರೆ ಎಂದು ನೋಡಿಕೊಳ್ಳಬೇಕಿತ್ತು. ಗೋದಿ ಆದರೆ ನಡೆಯುತ್ತದೆ, ಕಡಲೆ ಆದರೆ ಬೇಡ. ಕಲ್ಲಿಗೆ ಹತ್ತಿದ ಕಡಲೆಹಿಟ್ಟು ನಮ್ಮ ಮೊದಲ ಸೇರಿನಲ್ಲಿ ಇಳಿದು ಬರುತ್ತದೆ. ಅಂಥ ಹೊತ್ತಿನಲ್ಲಿ ಹಿಂದಿನವರಿಗೆ, ‘ನೀವ ಹಾಕ್ರಿ ಮೊದಲ, ನನಗ ಅವಸರಿಲ್ಲ’ ಎಂದು ದೊಡ್ಡ ಮನಸ್ಸು ತೋರಿಸುತ್ತಿದ್ದೆ. ಹಿಟ್ಟು ಬೀಳುವಾಗ ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ ನೋಡಬೇಕು. ರವೆ ಹತ್ತಿದರೆ ರೊಟ್ಟಿಯ ಅಂಚು ಒಡೆಯುತ್ತದೆ. ಗಿರಣಿಯವನಿಗೆ ‘ಇನ್ನೊಂದೀಟ ಸಣ್ಣಗ ಬರಲಿ’ ಎನ್ನಲು ಧೈರ್ಯ ಬೇಕು, ಹತ್ತು ವರ್ಷದವನ ಮಾತು ಯಾರೂ ಕೇಳುವುದಿಲ್ಲ. ಆಯಿಯ ಹೆಸರು ಹೇಳಿದರೆ ಕೇಳುತ್ತಿದ್ದ.

ಮೂರನೆಯದು ನೀರು. ನಮ್ಮ ಕಡೆ ನೀರು ಸವಳು, ಡೋಣಿಯ ನೀರಂತೂ ಬಾಯಿಗಿಡಲು ಬಾರದು. ಸವಳು ನೀರಿಗೆ ಸಾಬೂನು ನೊರೆ ಕೊಡುವುದಿಲ್ಲ, ಬೇಳೆ ಬೇಯುವುದಿಲ್ಲ. ಎಷ್ಟು ಕುದಿಸಿದರೂ ತೊಗರಿ ಬೇಳೆ ಬೇಳೆಯಾಗಿಯೇ ಉಳಿದು ತಳದಲ್ಲಿ ಕುಳಿತಿರುತ್ತದೆ. ಊರ ಆಚೆ ಒಂದು ಸಿಹಿನೀರಿನ ಬಾವಿ ಇತ್ತು, ಅಲ್ಲಿಂದ ತಂದ ಕೊಡ ಬೇಳೆಗೆ ಮತ್ತು ಕುಡಿಯಲು. ರೊಟ್ಟಿಗೆ ಸವಳು ನೀರು ನಡೆಯುತ್ತದೆ. ಯಾವ ಕೊಡದ ನೀರು ಯಾವುದಕ್ಕೆ ಎಂಬುದು ಒಲೆ ಹಚ್ಚುವ ಮೊದಲೇ ತಲೆಯಲ್ಲಿ ಇರಬೇಕಿತ್ತು. ಬೇಳೆಗೆ ಉಪ್ಪು ಬೆಂದ ಮೇಲೆಯೇ ಹಾಕುವುದು ಎಂಬುದನ್ನೂ ಆಯಿ ಅಲ್ಲಿಯೇ ಹೇಳಿದ್ದಳು.

ಬೆಂಕಿಯ ಹತ್ತಿರ ಬಿಟ್ಟದ್ದು ಇಷ್ಟಾದ ಮೇಲೆ. ಒಲೆಗೆ ತೊಗರಿ ಕಟಿಗೆ, ಹತ್ತಿ ಕಟಿಗೆ, ಕುಳ್ಳು ಅಂದರೆ ಬೆರಣಿ. ತೊಗರಿ ಕಟಿಗೆ ಭರ್ ಎಂದು ಹತ್ತಿ ಭರ್ ಎಂದು ಮುಗಿಯುತ್ತದೆ. ಒಗ್ಗರಣೆಗೆ ಅದು, ಬೇಳೆಗೆ ಕುಳ್ಳು. ಉರಿ ಕಡಿಮೆ ಮಾಡಲು ಗುಂಡಿ ಏನೂ ಇಲ್ಲ, ಕಟಿಗೆ ಹಿಂದಕ್ಕೆ ಎಳೆಯಬೇಕು. ಗ್ಯಾಸಿನ ಒಲೆಯಲ್ಲಿ ಕಲಿತವರಿಗೆ ಇದು ತಿಳಿಯುವುದಿಲ್ಲ: ಕಟಿಗೆ ಎಳೆದ ಮೇಲೂ ಉರಿ ಇಳಿಯಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಬೇಕಾಗುವುದಕ್ಕಿಂತ ಮುಂಚೆಯೇ ಎಳೆಯಬೇಕು.

ನಾನು ಪೂರ್ತಿ ಒಬ್ಬನೇ ಮಾಡಿದ ಮೊದಲ ಅಡಿಗೆ ಝುಣಕ. ಪುಂಡಿಪಲ್ಯ ಇನ್ನೂ ಸುಲಭ ಎನ್ನುವವರಿದ್ದಾರೆ. ಸೊಪ್ಪು, ಬೇಳೆ, ಜೋಳದ ನುಚ್ಚು ಎಲ್ಲ ಒಂದೇ ಗಡಿಗೆಯಲ್ಲಿ ಹಾಕಿ ಬೇಯಿಸಿ ಕಡೆದರೆ ಆಯಿತು ಎನ್ನುತ್ತಾರೆ, ಅದರ ಹುಳಿ ಹದಕ್ಕೆ ತರುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೆ ಗೊತ್ತು. ಝುಣಕಕ್ಕೆ ಕಣ್ಣು ಸಾಕು. ಆಯಿ ಬಾಗಿಲ ಹತ್ತಿರ ಮಣೆ ಹಾಕಿಸಿಕೊಂಡು ಕೂತು ಹೇಳುತ್ತಿದ್ದಳು. ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ. ಉಳ್ಳಾಗಡ್ಡಿ ಕೆಂಪಾಗಬಾರದು, ಮೆತ್ತಗಾದರೆ ಸಾಕು. ಅರಿಸಿನ, ಉಪ್ಪು, ನೀರು. ನೀರು ಕುದಿಯುವಾಗ ಕಡಲೆಹಿಟ್ಟು.

‘ಒಂದ ಕೈಲೆ ಉದುರಸು, ಒಂದ ಕೈಲೆ ತಿರುವು. ಉದುರಸೂ ಕೈ ಸಾವಕಾಶ, ತಿರುವೂ ಕೈ ಜೋರ.’

ಕೇಳಲು ಸುಲಭ. ಹತ್ತು ವರ್ಷದವನ ಎರಡು ಕೈ ಎರಡು ಬೇರೆ ವೇಗದಲ್ಲಿ ಓಡುವುದು ಸುಲಭವಲ್ಲ. ತಿರುವುವ ಕೈ ಜೋರಾದರೆ ಉದುರಿಸುವ ಕೈಯೂ ಜೋರಾಗುತ್ತದೆ, ಹಿಟ್ಟು ಒಮ್ಮೆಲೇ ಬಿದ್ದು ಗಂಟು ಕಟ್ಟುತ್ತದೆ. ಗಂಟಿನ ಹೊರಗೆ ಬೆಂದಿರುತ್ತದೆ, ಒಳಗೆ ಹಸಿ ಪುಡಿ. ಆಯಿಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಗಂಟು ಬಿದ್ದರೆ ಕಟಿಗೆಯ ಸೌಟು ಗಡಿಗೆಗೆ ಬಡಿಯುವ ಸಪ್ಪಳ ಬೇರೆಯಾಗುತ್ತದಂತೆ. ‘ಬಿತ್ತು ನೋಡು ಗಂಟು, ದಂಡಿಗಿ ಒತ್ತಿ ಒಡಿ’ ಎನ್ನುತ್ತಿದ್ದಳು. ಆಮೇಲೆ ಮುಚ್ಚಿ, ಕಟಿಗೆ ಎಳೆದು, ಕೆಂಡದ ಮೇಲೆ ಬಿಡುವುದು. ತಳ ಸ್ವಲ್ಪ ಹತ್ತಬೇಕು. ಆ ಹತ್ತಿದ ತಳ ಕೆರೆದು ತಿನ್ನುವ ಹಕ್ಕು ಮಾಡಿದವರದು, ಇದು ನಮ್ಮ ಮನೆಯ ಕಾಯ್ದೆ. ಅಕ್ಕ ಇದ್ದಾಗ ಅದು ನನಗೆ ಎಂದೂ ಸಿಕ್ಕಿರಲಿಲ್ಲ.

ಹಿಂಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ತೋಳಿನ ಕೆಲಸ. ಶೇಂಗಾ ಹಿಂಡಿ ಎಣ್ಣೆ ಬಿಡುವ ತನಕ ಕುಟ್ಟಬೇಕು, ಗುರೆಳ್ಳು ಹಿಂಡಿ ಅಷ್ಟು ಬೇಡ, ಅಗಸಿ ಹುರಿಯುವಾಗ ಚಟಪಟ ನಿಂತ ಕೂಡಲೇ ಇಳಿಸಬೇಕು. ಮಿಕ್ಸರಿನಲ್ಲಿ ಮಾಡಿದ ಹಿಂಡಿಯನ್ನು ಹಿಂಡಿ ಎನ್ನಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಆಷಾಢಕ್ಕೆ ಅಕ್ಕ ಬಂದಳು. ಮದುವೆಯಾದ ಮೊದಲ ವರ್ಷದ ಆಷಾಢದಲ್ಲಿ ಹೆಣ್ಣುಮಕ್ಕಳು ತವರಿನಲ್ಲೇ ಇರುವುದು ರೂಢಿ. ಬಂದವಳಿಗೆ ಮೂರು ದಿನ ಒಲೆ ಹತ್ತಿರ ಬಿಡಲಿಲ್ಲ. ನಾಲ್ಕನೆಯ ದಿನ ನಾನು ರೊಟ್ಟಿ ಬಡಿಯುವುದನ್ನು ಹಿಂದೆ ನಿಂತು ನೋಡಿ, ‘ಸರಿ ಅತ್ತಾಗ’ ಎಂದು ಪಕ್ಕದಲ್ಲಿ ಕೂತಳು. ಅಲ್ಲಿಯ ತನಕ ನಾನು ಅವ್ವನನ್ನು ನೋಡಿ ನೋಡಿ ಬಡಿಯುತ್ತಿದ್ದೆ. ಅವ್ವನ ಕೈ ಎಷ್ಟು ಜೋರು ಓಡುತ್ತಿತ್ತೆಂದರೆ ನೋಡಿ ಕಲಿಯುವಂಥದ್ದು ಏನೂ ಕಾಣುತ್ತಿರಲಿಲ್ಲ. ಅಕ್ಕ ಅದೇ ಕೆಲಸವನ್ನು ತುಂಡು ತುಂಡು ಮಾಡಿ ತೋರಿಸಿದಳು.

ಗೋದಿಹಿಟ್ಟು ತಣ್ಣೀರಿನಲ್ಲೂ ಹಿಡಿದುಕೊಳ್ಳುತ್ತದೆ, ಅದರಲ್ಲಿ ಎಳೆದರೆ ಹಿಗ್ಗುವ ಅಂಟು ಇದೆ. ಜೋಳದಲ್ಲಿ ಅದು ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನಲ್ಲಿರುವ ಪಿಷ್ಟ ಬೆಂದು ಗಂಜಿಯಾಗುತ್ತದೆ, ರೊಟ್ಟಿಯನ್ನು ಹಿಡಿದಿಡುವುದು ಆ ಗಂಜಿ ಮಾತ್ರ. ಅಕ್ಕ ಹೇಳಿದ್ದು ಇದನ್ನೇ, ಪಿಷ್ಟದ ಹೆಸರಿಲ್ಲದೆ: ‘ಎಸರು ಕುದ್ದಿರಬೇಕು. ಬಿಸಿ ಆಗೈತಿ ಅಂದ್ರ ಸಾಲಂಗಿಲ್ಲ, ಕುದೀಬೇಕು. ಹಗೇವಿನ ಜೋಳಕ್ಕ ಎಸರು ಜಾಸ್ತಿ.’

ಪರಾತದಲ್ಲಿ ಹಿಟ್ಟು ಸುರಿದು, ನಡುವೆ ತಗ್ಗು ಮಾಡಿ, ಎಸರು ಹೊಯ್ದು, ಕೈ ಹಾಕದೆ ಸೌಟಿನ ಹಿಡಿಕೆಯಿಂದ ಕಲಸಿ ಬಿಟ್ಟಳು. ಉಗಿ ಆಡುವುದು ನಿಂತ ಮೇಲೆ, ಆದರೆ ಕೈಗೆ ಇನ್ನೂ ಸುಡುತ್ತಿರುವಾಗಲೇ ನಾದುವುದು. ಬೆರಳಿನಿಂದಲ್ಲ, ಅಂಗೈಯ ಬುಡದಿಂದ. ಮುಂದಕ್ಕೆ ಒತ್ತಿ ನೂಕು, ಮಡಚು, ಮತ್ತೆ ನೂಕು, ನಡುನಡುವೆ ತಣ್ಣೀರು ಚಿಮುಕಿಸು. ನಾದಿದ್ದನ್ನೆಲ್ಲ ಒಂದೇ ಸಲ ಉಂಡೆ ಕಟ್ಟಿಡಬಾರದು, ಒಂದೊಂದು ರೊಟ್ಟಿಗೆ ಬೇಕಾದಷ್ಟು ಮುರಿದುಕೊಂಡು ಅದನ್ನು ಮತ್ತೊಮ್ಮೆ ನಾದಿಯೇ ಬಡಿಯಲು ತೆಗೆದುಕೊಳ್ಳಬೇಕು. ಅಂಚು ಒಡೆಯುವುದು ಬಡಿಯುವಾಗ ಎಂದು ನಾನು ತಿಳಿದಿದ್ದೆ. ಒಡೆಯುವುದು ನಾದುವಾಗಲೇ ನಿಶ್ಚಯವಾಗಿರುತ್ತದೆ, ಬಡಿಯುವಾಗ ಕಣ್ಣಿಗೆ ಬೀಳುತ್ತದೆ ಅಷ್ಟೇ.

ಆಮೇಲೆ ಬಡಿತ. ಕೆಳಗೆ ಒಣಹಿಟ್ಟು ಉದುರಿಸಿ, ಉಂಡೆ ಇಟ್ಟು, ಮೊದಲು ಬೆರಳಲ್ಲಿ ಅಗಲಿಸಿ, ಬಲಗೈಯಿಂದ ಬಡಿಯುವುದು, ಎಡಗೈ ಅಂಚಿಗೆ ಕಟ್ಟೆಯಾಗಿ ನಿಲ್ಲುವುದು. ಎಲ್ಲರೂ ಬಲಗೈ ನೋಡುತ್ತಾರೆ. ರೊಟ್ಟಿ ದುಂಡಗಾಗುವುದು ಎಡಗೈಯಿಂದ. ಅಕ್ಕ ನನ್ನ ಬಲಗೈಯನ್ನು ಹಿಡಿದು ಹಿಂದಕ್ಕೆ ಕಟ್ಟಿದ ಹಾಗೆ ಇಟ್ಟು, ಬರೀ ಎಡಗೈಯಲ್ಲಿ ಅಂಚು ಮುಟ್ಟಿಸುತ್ತ ತಿರುಗಿಸುವುದನ್ನು ಬಹಳ ಹೊತ್ತು ಮಾಡಿಸಿದಳು. ಬಡಿದರೆ ರೊಟ್ಟಿ ತಾನೇ ಸುತ್ತಬೇಕು. ಅಂಗೈ ನೇರ ಬಿದ್ದರೆ ಅದು ನೆಲಕ್ಕೆ ಹತ್ತುತ್ತದೆ, ಸ್ವಲ್ಪ ಓರೆ ಬಿದ್ದರೆ ಸುತ್ತುತ್ತದೆ. ಓರೆ ಎಷ್ಟು ಎಂದು ಕೇಳಿದರೆ, ‘ಸುತ್ತೂವಷ್ಟು’ ಎಂದಳು. ಈಗ ನನ್ನನ್ನು ಯಾರಾದರೂ ಕೇಳಿದರೂ ಅದಕ್ಕಿಂತ ಚೆಂದದ ಉತ್ತರ ನನ್ನ ಹತ್ತಿರ ಇಲ್ಲ.

ಹಂಚಿಗೆ ಹಾಕುವುದು ಇನ್ನೊಂದು ಘಟ್ಟ. ತಟ್ಟಿದ ರೊಟ್ಟಿಯನ್ನು ಎರಡೂ ಅಂಗೈಗೆ ಜಾರಿಸಿಕೊಂಡು, ಹಿಟ್ಟು ಹತ್ತಿದ ಮಗ್ಗಲು ಮೇಲೆ ಬರುವಂತೆ ಹಂಚಿನ ಮೇಲೆ ಮಗುಚಬೇಕು. ಕೂಡಲೇ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೇಲ್ಮೈಗೆಲ್ಲ ನೀರು ಸವರಬೇಕು, ಒಣಹಿಟ್ಟು ಕಾಣಬಾರದು. ಆ ನೀರು ಆರುತ್ತ ಬರುತ್ತದೆ, ಹೊಳಪು ಹೋಗಿ ಮಂಕಾಗುತ್ತದೆ. ಅದೇ ಹೊತ್ತಿಗೆ ತಿರುವಿ ಹಾಕಬೇಕು. ಹೊಳಪು ಇರುವಾಗಲೇ ತಿರುವಿದರೆ ಹಂಚಿಗೆ ಅಂಟಿಕೊಂಡು ಹರಿಯುತ್ತದೆ, ಮಂಕಾಗಿ ಬಹಳ ಹೊತ್ತಾದರೆ ಬಿರಿಯುತ್ತದೆ. ಕೊನೆಗೆ ಹಂಚಿನಿಂದ ತೆಗೆದು ಒಲೆಯ ಬಾಯಿಗೆ, ಕೆಂಡದ ಮುಂದೆ ಆನಿಸಿ ನಿಲ್ಲಿಸುವುದು. ಉಬ್ಬಿದರೆ ಎರಡು ಪದರು ಬೇರೆಯಾದವು ಎಂದು ಲೆಕ್ಕ.

ಹಗೇವಿನ ಹಿಟ್ಟಿನಲ್ಲಿ ಉಬ್ಬುತ್ತಿದ್ದದ್ದು ಕಡಿಮೆ. ನನಗೆ ಅಳು ಬರುತ್ತಿತ್ತು. ಅಕ್ಕ ನಕ್ಕು, ‘ಈ ಹಿಟ್ಟಿನಾಗ ಬಂತಂದ್ರ ಯಾವ ಹಿಟ್ಟಿನಾಗೂ ಬರತೈತಿ, ಬಡಿ’ ಎಂದಳು.

ಆಗಲೇ ಒಂದು ಮಧ್ಯಾಹ್ನ ಕೇಳಿದೆ, ನಿನಗೆ ಯಾರು ಕಲಿಸಿದರು ಎಂದು.

‘ಯಾರ ಕಲಸ್ತಾರ? ನೀ ಹುಟ್ಟಿದಾಗ ಅವ್ವ ಬಾಣಂತಿ ಇದ್ಳು. ಆಯಿ ಆಗಿಂದಾನ ಕಾಲು ಹಿಡದಿದ್ಳು. ಹಂಚಿನ ಮುಂದ ನನ್ನ ಕುಂದ್ರಿಸಿದ್ರು.’

ಆಗ ಆಕೆಗೆ ಎಂಟು ವರ್ಷ. ನನಗಿಂತ ಎರಡು ವರ್ಷ ಮುಂಚೆಯೇ, ನಾನು ತೊಟ್ಟಿಲಲ್ಲಿ ಮಲಗಿದ್ದಾಗ, ಆಕೆ ಇದೇ ಒಲೆಯ ಮುಂದೆ ಇದೇ ಎಸರಿಗೆ ಕೈ ಸುಟ್ಟುಕೊಂಡು ಕಲಿತಿದ್ದಳು. ಮೂರನೇ ಇಯತ್ತೆಯಿಂದ ಶಾಲೆ ಬಿಡಿಸಲಿಲ್ಲ ಎನ್ನುವುದೊಂದೇ ಸಮಾಧಾನ. ಬೆಳಗಿನ ರೊಟ್ಟಿ ಮುಗಿಸಿ, ಪ್ರಾರ್ಥನೆ ಆದ ಮೇಲೆ ಶಾಲೆಗೆ ಹೋಗುತ್ತಿದ್ದಳು, ಮಧ್ಯಾಹ್ನ ಬಿಟ್ಟಾಗ ಓಡಿ ಬರುತ್ತಿದ್ದಳು. ಶಾಲೆಗಳಲ್ಲಿ ಬಿಸಿಯೂಟ ಶುರುವಾದದ್ದು 2002ರಲ್ಲಿ. ಅದಕ್ಕೂ ಮುಂಚೆ ಮಧ್ಯಾಹ್ನದ ಗಂಟೆ ಬಾರಿಸಿದರೆ ಹಳ್ಳಿಯ ಎಷ್ಟೋ ಹುಡುಗಿಯರು ಊಟಕ್ಕೆ ಓಡುತ್ತಿರಲಿಲ್ಲ, ಅಡಿಗೆ ಮಾಡಲು ಓಡುತ್ತಿದ್ದರು.

ನನ್ನ ಕಲಿಕೆ ಹಾಗೆ ಗುಟ್ಟಾಗಿ ನಡೆಯಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ನಾಲ್ಕು ಮನೆಗೆ ಕೇಳುತ್ತದೆ. ಬಡಿತದ ಮೇಲೆ ಯಾರ ಕೈ ಎಂದು ಓಣಿಯ ಹೆಂಗಸರು ಹೇಳುತ್ತಿದ್ದರು. ನನ್ನದು ಒಮ್ಮೆ ಜೋರು, ಒಮ್ಮೆ ನಿಂತು, ಮತ್ತೆ ಜೋರು. ಹಿತ್ತಲ ಗೋಡೆಯಾಚೆಯಿಂದ ಚಿಗವ್ವ ಒಬ್ಬಳು ‘ಯಾರವರು ಭಜನಿ ಕಲಿಯಾಕತ್ತಾರ?’ ಎಂದು ಕೂಗಿದ್ದು ನೆನಪಿದೆ. ಆಮೇಲೆ ಬಂದು ನೋಡಿ, ಬಾಯಿ ಮೇಲೆ ಕೈ ಇಟ್ಟು, ಅವ್ವನಿಗೆ ಹೇಳಿದಳು: ‘ಯವ್ವಾ, ಗಂಡಹುಡುಗ ನೋಡs, ಎಷ್ಟ ಚೆಂದ ಮಾಡ್ಯಾನ!’ ಆ ರೊಟ್ಟಿಯ ನಡು ತೆಳ್ಳಗೆ, ಅಂಚು ದಪ್ಪ, ಒಂದು ಕಡೆ ಹರಿದಿತ್ತು. ಓಣಿಯಲ್ಲಿ ಸುದ್ದಿಯಾಯಿತು. ಗೆಳೆಯರು ಕಾಡಿಸಿದರು, ಅದು ಬೇರೆ ಮಾತು, ಆದರೆ ದೊಡ್ಡವರೆಲ್ಲ ಹೊಗಳಿದವರೇ. ಶಾಲೆಯ ಮಾಸ್ತರರೂ ಇಡೀ ವರ್ಗದ ಮುಂದೆ ನಿಲ್ಲಿಸಿ ಹೇಳಿದರು.

ಅಕ್ಕ ಎಂಟರ ವಯಸ್ಸಿನಲ್ಲಿ ದಪ್ಪ ಅಂಚಿನ ರೊಟ್ಟಿ ಮಾಡಿದಾಗ ಏನಾಗಿತ್ತು ಎಂದು ಆಯಿಯನ್ನೇ ಕೇಳಿದೆ. ‘ಬೆರಳ ಮ್ಯಾಲ ಹೊಡದಿದ್ದೆ’ ಎಂದಳು ಆಯಿ, ಏನೂ ಮುಚ್ಚಿಡದೆ. ‘ಹೆಣ್ಣಹುಡುಗಿ, ನಾಳೆ ಅತ್ತಿ ಮನ್ಯಾಗ ಮಾತ ಬರ್ತಾವ.’ ಅದೇ ರೊಟ್ಟಿ, ಅದೇ ಅಂಚು. ಇವತ್ತಿಗೂ ಬೆಂಗಳೂರಿನಲ್ಲಿ, ಆಫೀಸಿನವರು ಮನೆಗೆ ಊಟಕ್ಕೆ ಬಂದರೆ, ‘ನಿಮಗೆ ರೊಟ್ಟಿ ತಟ್ಟೋಕೆ ಬರತ್ತಾ!’ ಎಂದು ಕಣ್ಣರಳಿಸುತ್ತಾರೆ. ನನ್ನ ಹೆಂಡತಿಗೂ ಬರುತ್ತದೆ, ಆಕೆಯನ್ನು ಯಾರೂ ಕೇಳಿಲ್ಲ. ಹೊಗಳಿಕೆ ಬಂದಾಗಲೆಲ್ಲ ನಾನು ಅಕ್ಕನ ಮಾತು ಹೇಳುತ್ತೇನೆ. ಅವರು ತಲೆಯಾಡಿಸಿ ಇನ್ನೊಂದು ರೊಟ್ಟಿ ಕೇಳುತ್ತಾರೆ.

ಎಳ್ಳು ಅಮಾವಾಸ್ಯೆ ಬಂತು. ಆ ದಿನ ನನಗೆ ಒಲೆ ಸಿಗಲಿಲ್ಲ. ಅತ್ತೆಯರು, ಚಿಗವ್ವಗಳು ತುಂಬಿಕೊಂಡಿದ್ದರು, ಸಜ್ಜಿ ರೊಟ್ಟಿ, ಹೋಳಿಗೆ, ಕಡುಬು, ಹತ್ತು ಪಲ್ಯ. ಸಜ್ಜಿಹಿಟ್ಟಿಗೆ ಜೋಳಕ್ಕಿಂತ ಜಿಗಿ ಕಡಿಮೆ, ಮೇಲೆ ಎಳ್ಳು ಒತ್ತಬೇಕು, ಹೊಸಬರ ಕೈಗೆ ಅದು ಒಗ್ಗುವುದಿಲ್ಲ. ನನಗೆ ಬುಟ್ಟಿ ಹೊರುವ ಕೆಲಸ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಮಾಡಿದ ಅಡಿಗೆಯನ್ನು ಭೂಮಿತಾಯಿಗೆಂದು ಹೊಲದಲ್ಲಿ ಎರಚಿ, ಉಂಡು ಬಂದೆವು. ಮುಂದೆ ಸೀತನಿ ದಿನಗಳು: ಹಾಲುಗಾಳಿನ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳಿಗೆ ಶೇಂಗಾ ಹಿಂಡಿ ಹಚ್ಚಿ ತಿನ್ನುವುದು. ಅದು ಅಡಿಗೆ ಅಲ್ಲ, ಆದರೆ ಅದಕ್ಕಿಂತ ರುಚಿಯಾದ ಅಡಿಗೆ ನನಗೆ ಗೊತ್ತಿಲ್ಲ.

ಹಿಂಗಾರಿ ಜೋಳ ಸಪ್ಟಂಬರ್–ಅಕ್ಟೋಬರದಲ್ಲಿ ಬಿತ್ತಿದ್ದು, ಎರಿ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆದು ಫೆಬ್ರುವರಿ–ಮಾರ್ಚ್‌ಗೆ ಕಟಾವಿಗೆ ಬರುತ್ತದೆ. ನಮ್ಮದು ಮಾಲದಂಡಿ, ಕೃಷಿ ಇಲಾಖೆಯವರ ಕಾಗದದಲ್ಲಿ ಎಂ 35-1. ಆ ಸುಗ್ಗಿಯ ಹೊಸ ಜೋಳ ಬೀಸಿಸಿಕೊಂಡು ಬಂದು ಎಸರು ಹೊಯ್ದು ನಾದಿದಾಗ ನನಗೆ ಮೊದಲು ಅನಿಸಿದ್ದು, ಏನೋ ತಪ್ಪಾಗಿದೆ ಎಂದು. ಹಿಟ್ಟು ಕೈ ಬಿಡುತ್ತಿರಲಿಲ್ಲ. ಮುರಿದುಕೊಂಡರೆ ತುಂಡಾಗದೆ ಸ್ವಲ್ಪ ಎಳೆದುಕೊಂಡು ಬರುತ್ತಿತ್ತು. ಎಸರು ಕಡಿಮೆ ಮಾಡಿ ಮತ್ತೆ ನಾದಿದೆ. ಬಡಿಯಲು ಕೂತರೆ ಕೈಗಿಂತ ಮುಂಚೆ ರೊಟ್ಟಿಯೇ ಸುತ್ತಿತು. ಅಂಚು ಒಡೆಯಲಿಲ್ಲ, ಕೆಂಡದ ಮುಂದೆ ನಿಲ್ಲಿಸಿದರೆ ಪೂರ್ತಿ ಉಬ್ಬಿ ನಿಂತಿತು. ಕಾಕಾ ಹೊಲದಿಂದ ಬಂದು ಮುರಿದು, ಒಳಗಿನ ಪದರು ಬಿಡಿಸಿ, ಏನೂ ಅನ್ನದೆ ಇನ್ನೆರಡು ಹೆಚ್ಚು ಉಂಡ. ನಗರದ ಅಂಗಡಿಯ ಪೊಟ್ಟಣದ ಹಿಟ್ಟಿನಲ್ಲಿ ರೊಟ್ಟಿ ಬರುವುದಿಲ್ಲ ಎಂದು ದೂರುವವರಿಗೆ ನಾನು ಹೇಳುವುದು ಇದನ್ನೇ. 2023ರಲ್ಲಿ ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ ಬಂದು ಹೋದ ಮೇಲೆ ಪೊಟ್ಟಣದ ಮೇಲಿನ ಚಿತ್ರ ಚೆಂದವಾಗಿದೆ, ಬೀಸಿದ್ದು ಯಾವಾಗ ಎಂಬುದನ್ನು ನೋಡಿ ತೆಗೆದುಕೊಳ್ಳಿ. ಹಳೆಯದಾದರೆ ಎಸರು ಹೆಚ್ಚು, ನಾದುವುದು ಹೆಚ್ಚು. ಬೇರೆ ಉಪಾಯವಿಲ್ಲ.

ಮರುವರ್ಷ ಪಂಚಮಿಗೆ ಅಕ್ಕನನ್ನು ಕರೆಯಲು ಅಪ್ಪ ಹೋಗಿದ್ದ. ನಮ್ಮ ಕಡೆ ಪಂಚಮಿ ಒಂದು ದಿನದ ಹಬ್ಬವಲ್ಲ. ನಾಗಪ್ಪನಿಗೆ ಹಾಲೆರೆಯುವ ದಿನ ಒಲೆಗೆ ಹಂಚು ಇಡುವುದಿಲ್ಲ, ಹಾಗಾಗಿ ಅದಕ್ಕೂ ಮುಂಚೆ ರೊಟ್ಟಿ ಪಂಚಮಿ. ಕಡಕ್ ರೊಟ್ಟಿ ಬಡಿದು ಬಡಿದು ಬುಟ್ಟಿ ತುಂಬಿಸಿ, ಪಲ್ಯ, ಹಿಂಡಿ ಇಟ್ಟು, ಮನೆಯಿಂದ ಮನೆಗೆ ಕೊಟ್ಟು ಕಳಿಸುವುದು. ಅವರ ಮನೆಯ ರೊಟ್ಟಿ ನಮ್ಮಲ್ಲಿಗೆ, ನಮ್ಮದು ಅವರಲ್ಲಿಗೆ. ಯಾರ ಮನೆಯ ರೊಟ್ಟಿ ಹೇಗೆ ಎಂಬುದು ಆ ಒಂದು ದಿನ ಇಡೀ ಓಣಿಗೆ ತಿಳಿಯುತ್ತದೆ.

ಆ ಸಲದ ಬುಟ್ಟಿಯ ಅರ್ಧ ಅವ್ವನದು, ಅರ್ಧ ನನ್ನದು. ಅಕ್ಕ ಬಂದು ಕೈಕಾಲು ತೊಳೆದುಕೊಂಡು ಒಲೆಯ ಹತ್ತಿರ ಕೂತಿದ್ದಳು, ಹಸಿರು ಬಳೆ, ಹೊಸ ಇಳಕಲ್ ಸೀರೆ. ಹಿತ್ತಲ ಮನೆಯ ಚಿಗವ್ವ ತಮ್ಮ ಬುಟ್ಟಿ ಹಿಡಿದುಕೊಂಡು ಬಂದವಳು ನಮ್ಮದರಿಂದ ಒಂದು ರೊಟ್ಟಿ ಎತ್ತಿ, ಅಕ್ಕನಿಗೆ ತೋರಿಸಿ, ‘ನೋಡಿದಿ ಏನs, ನಿನ್ನ ತಮ್ಮ ಮಾಡಿದ್ದು. ಗಂಡಹುಡುಗಗ ಇಷ್ಟ ಚೆಂದ ಕೈ!’ ಎಂದಳು.

ಅಕ್ಕ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಅಂಚಿನ ಸುತ್ತ ಒಂದು ಸುತ್ತು ಬಂದಳು.

‘ಎಲ್ಲಿ ಚೆಂದ ಚಿಗವ್ವಾ, ಅಂಚು ನೋಡ್ರಿ, ಇನ್ನೂ ದಪ್ಪ ಅದಾವ.’

ಚಿಗವ್ವನಿಗೆ ಏನು ಹೇಳಬೇಕೋ ತೋಚಲಿಲ್ಲ. ಆಯಿ ಬಾಗಿಲ ಹತ್ತಿರದ ಮಣೆಯ ಮೇಲಿಂದ ಜೋರಾಗಿ ನಕ್ಕಳು. ಹೊರಗೆ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿ ಆಗಿತ್ತು, ಅಕ್ಕನ ಗೆಳತಿಯರು ಅಂಗಳದಿಂದ ಕೂಗುತ್ತಿದ್ದರು. ಅವ್ವ ಅಭ್ಯಾಸದ ಮೇಲೆ, ‘ಒಂದ ನಾಕ ಬಡದು ಹೋಗs ಯವ್ವಾ’ ಎಂದಳು ಆಕೆಗೆ. ಅಕ್ಕ ಎದ್ದು ಸೀರೆಯ ನೆರಿಗೆ ಝಾಡಿಸಿಕೊಂಡು, ರೊಟ್ಟಿಯನ್ನು ಮುರಿದು ಅರ್ಧ ಬಾಯಿಗೆ ಹಾಕಿಕೊಂಡಳು.

‘ಅಂವ ಅದಾನಲ್ಲ, ಅಂವ ಬಡೀತಾನ. ನಾ ಜೋಕಾಲಿ ಆಡಾಕ ಹೊಂಟೀನಿ.’